ಕಲ್ಲುಗೋಡೆ ಮನೆಯಲ್ಲಿ ವೈಫೈ ಲೆಕ್ಕ

ಅವಿಭಜಿತ ವಿಜಾಪುರದಿಂದ ಬೇರ್ಪಟ್ಟು ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ವೈಫೈಗೆ ಮೊದಲ ಮಾನದಂಡ ಸಿದ್ಧವಾದದ್ದೂ ಅದೇ ವರ್ಷ. ಆಗ ಅದರ ವೇಗ ಸೆಕೆಂಡಿಗೆ ಕೇವಲ 2 ಮೆಗಾಬಿಟ್. 1999ರಲ್ಲಿ ಅದು 11ಕ್ಕೇರಿತು. 2009ರ ಮಾನದಂಡ, ಕಾಗದದ ಮೇಲಾದರೂ, 600ರವರೆಗೆ ಹೋಯಿತು. ಜನರಿಗೆ ತಿಳಿಯಲೆಂದು 2018ರಲ್ಲಿ ಇವಕ್ಕೆ ವೈಫೈ 4, 5, 6 ಎಂದು ಸಂಖ್ಯೆ ಕೊಟ್ಟರು. ಈಗ ಆ ಸಂಖ್ಯೆಯೇ ತಲೆನೋವು. ಮನೆಯಲ್ಲಿರುವುದು 4, ಅಂಗಡಿಯವರು ತೋರಿಸುವುದು 6. ರೌಟರ್ ಬದಲಿಸಬೇಕೆ, ಬೇಡವೆ?

ಮನೆಯಲ್ಲಿ ರೇಡಿಯೊ ಇಡಲೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಿದ್ದ ಕಾಲವನ್ನು ಹಿರಿಯರು ಬಲ್ಲರು. ನಿಸ್ತಂತು ಉಪಕರಣಕ್ಕೆ ಪರವಾನಗಿ ಬೇಕೆಂದದ್ದು 1933ರ ಕಾಯ್ದೆ. ಅಮೆರಿಕ 1985ರಲ್ಲಿ 2.4 ಗಿಗಾಹರ್ಟ್ಸ್ ಸುತ್ತಲಿನ ತರಂಗಗಳನ್ನು ಲೈಸೆನ್ಸ್ ಇಲ್ಲದ ಬಳಕೆಗೆ ತೆರೆಯಿತು. ಮೈಕ್ರೊವೇವ್ ಒಲೆಗಳು ಅಡುಗೆ ಬಿಸಿಮಾಡುತ್ತಿದ್ದ, ಬೇರಾರಿಗೂ ಬೇಡವಾಗಿದ್ದ ತರಂಗಗಳವು! ಭಾರತದಲ್ಲಿ ಇವು ಪರವಾನಗಿಯಿಂದ ಮುಕ್ತವಾದದ್ದು 2005ರ ಜನವರಿಯಲ್ಲಿ.

ಆದರೆ ಸರ್ಕಾರ ಬಿಟ್ಟರೂ ಗೋಡೆ ಬಿಡಬೇಕಲ್ಲ. ಬಾದಾಮಿಯ ಹಳೆಯ ಮನೆಗಳದು ಕೆಂಪು ಮರಳುಗಲ್ಲು. ಇಳಕಲ್ಲು, ಹುನಗುಂದದ ಕಡೆ ಗಟ್ಟಿ ಗ್ರಾನೈಟ್. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. 5 ಗಿಗಾಹರ್ಟ್ಸ್ ಅಲೆಯದು ಅದರ ಅರ್ಧದಷ್ಟು. ಈ ಎರಡನೆಯದು ಹೆಚ್ಚು ಮಾಹಿತಿ ಹೊರುತ್ತದೆ, ಆದರೆ ಗೋಡೆ ಎದುರಾದರೆ ಬೇಗ ಸೋಲುತ್ತದೆ. ಹೊಸ ರೌಟರುಗಳ ವೇಗದ ಬಹುಪಾಲು ಬರುವುದು ಇದರಿಂದಲೇ. ಹೀಗಾಗಿ ದುಡ್ಡು ಕೊಟ್ಟು ತಂದ ಪೆಟ್ಟಿಗೆ ಪಡಸಾಲೆಯಲ್ಲಿ ಓಡುತ್ತದೆ, ಒಳಕೋಣೆಯಲ್ಲಿ ಓದುವ ಮಕ್ಕಳಿಗೆ ಸಿಗುವುದೇ ಇಲ್ಲ. ಗೋಡೆಯ ಗೂಡಿನಲ್ಲಿ ರೌಟರ್ ಇಡುವ ರೂಢಿಯಂತೂ ಮೂರು ಕಡೆ ಕಲ್ಲು ಕಟ್ಟಿ ದೀಪ ಹಚ್ಚಿದಂತೆ.

ಆಲಮಟ್ಟಿ ಹಿನ್ನೀರಿನಿಂದ ಹಳೆ ಬಾಗಲಕೋಟೆ ಬಿಟ್ಟು ನವನಗರಕ್ಕೆ ಬಂದವರ ಪಾಡು ಬೇರೆ. ಅಲ್ಲಿ ಇಟ್ಟಿಗೆ ಗೋಡೆ ಅಷ್ಟು ತೊಡಕಲ್ಲ. ಮಹಡಿಗೆ ಹೋಗುವ ಅಲೆಯನ್ನು ತಡೆಯುವುದು ಕಬ್ಬಿಣದ ಸರಳಿನ ಆರ್‌ಸಿಸಿ ಚಾವಣಿ. ಕಲ್ಲಿರಲಿ, ಕಾಂಕ್ರೀಟಿರಲಿ, ಅಗ್ಗದ ಉಪಾಯವೆಂದರೆ ಒಳಕೋಣೆಗೆ ಕೇಬಲ್ ಎಳೆದು ಅಲ್ಲೊಂದು ಪೆಟ್ಟಿಗೆ ಇಡುವುದು. ಹಳೆಯ ರೌಟರೇ ಎಷ್ಟೋ ಸಲ ಅದಕ್ಕೆ ಸಾಕು.

ಬದಲಿಸಲೇಬೇಕಾದ ಸಂದರ್ಭಗಳಿಲ್ಲವೆಂದಲ್ಲ. ಅಗ್ಗದ ಹಳೆ ರೌಟರುಗಳ ಕೇಬಲ್ ಕಿಂಡಿ 100 ಮೆಗಾಬಿಟ್‌ಗೆ ನಿಲ್ಲುತ್ತದೆ. ಅದಕ್ಕಿಂತ ವೇಗದ ಸಂಪರ್ಕ ಪಡೆದವರು ಕಟ್ಟಿದ ಹಣ ಅಲ್ಲೇ ಸೋರುತ್ತದೆ. ವೈಫೈನ ಮೊದಲ ಬೀಗವಾದ ಡಬ್ಲ್ಯುಇಪಿಯನ್ನು ಸಂಶೋಧಕರು 2001ರಲ್ಲೇ ಮುರಿದು ತೋರಿಸಿದರು. 2004ರಲ್ಲಿ ಬಂದ ಡಬ್ಲ್ಯುಪಿಎ2 ಕೂಡ ಇಲ್ಲದ ಅಥವಾ ಕಂಪನಿ ತಂತ್ರಾಂಶ ಸರಿಪಡಿಸುವುದನ್ನೇ ನಿಲ್ಲಿಸಿದ ಪೆಟ್ಟಿಗೆ ಮನೆಯಲ್ಲಿರಬಾರದು. ಮೊಬೈಲುಗಳೆಲ್ಲ ವೈಫೈ 4ರವಾದರೆ ಮಾತ್ರ 6ರ ರೌಟರಿನಿಂದ ಹೆಚ್ಚಿನ ಲಾಭವಿಲ್ಲ.

ಅಂಗಡಿಗೆ ಹೊರಡುವ ಮುನ್ನ ಮೊಬೈಲಿನಲ್ಲಿ ವೇಗವನ್ನು ಎರಡು ಸಲ ಅಳೆಯಬಹುದು: ಒಮ್ಮೆ ರೌಟರಿನ ಪಕ್ಕ ನಿಂತು, ಇನ್ನೊಮ್ಮೆ ಒಳಕೋಣೆಯಲ್ಲಿ. ಎರಡೂ ಕಡೆ ಕಡಿಮೆಯಿದ್ದರೆ ವಿಚಾರಿಸಬೇಕಾದದ್ದು ರೌಟರನ್ನೂ ಹೊರಗಿನ ಸಂಪರ್ಕವನ್ನೂ. ಒಳಗೆ ಮಾತ್ರ ಕಡಿಮೆಯಿದ್ದರೆ ಗೋಡೆಯನ್ನು.