ಸಂಕಮ್ಮನ ಬಾಗಿಲಲ್ಲಿ ನಿಂತ ಹಾಡು

ಶಿವರಾತ್ರಿ ಹತ್ತಿರವಾದಂತೆ ನಂಜನಗೂಡು, ಟಿ. ನರಸೀಪುರದ ಹಳ್ಳಿಗಳಿಂದ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಪರಸೆ ಹೊರಡುತ್ತದೆ. ಆ ದಾರಿಯಲ್ಲಿ ಕೇಳುವ ಹಾಡುಗಳಲ್ಲಿ ‘ಕೋಲುಮಂಡೆ ಜಂಗಮದೇವ’ ಒಂದು. ಇಂದಿನ ಹುಡುಗರಿಗೆ ಅದು ಮೊಬೈಲಿನಲ್ಲಿ ಸಿಕ್ಕ ಹಾಡು. ಅದರ ಹಿಂದಿನ ಕಥೆ ಎಷ್ಟು ಜನಕ್ಕೆ ಗೊತ್ತು?

ಈ ಸೀಮೆಗೂ ಆ ಕಥೆಗೂ ಹಳೆಯ ನಂಟಿದೆ. ಮಲೆಯ ಮಾದೇಶ್ವರ ಕಾವ್ಯದಲ್ಲಿ ಬಾಲಕ ಮಾದೇಶ್ವರ ಬೆಟ್ಟ ಸೇರುವ ಮೊದಲು ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದಲ್ಲಿ ರಾಗಿ ಬೀಸುತ್ತಾನೆ. ಕಾವ್ಯವನ್ನು ಕಂಸಾಳೆ ಹಿಡಿದು ಹಾಡುವ ದೇವರಗುಡ್ಡರು ಮನೆಮನೆಗೆ ಭಿಕ್ಷೆಗೆ ಹೋಗುವವರು. ‘ಕೋಲುಮಂಡೆ’ ಕೂಡ ಭಿಕ್ಷೆಯ ಹಾಡೇ. ಅದರಲ್ಲಿ ಬರುವ ‘ಕೋರಣ್ಯ’ ಎಂಬ ಮಾತು ನನಗೆ ಬಹುಕಾಲ ‘ಕಾರುಣ್ಯ’ ಎಂದೇ ಕೇಳಿಸುತ್ತಿತ್ತು. ಅದು ಭಿಕ್ಷೆ ಎಂದು ತಿಳಿದ ಮೇಲೆ ಹಾಡಿನ ಬಣ್ಣವೇ ಬದಲಾಯಿತು.

ಹಾಡಿನ ಜೊತೆ ಸೇರಿಕೊಂಡ ಹೆಸರು ಶರಣೆ ಸಂಕಮ್ಮ. ಸೋಲಿಗರ ನೀಲೇಗೌಡನ ಹೆಂಡತಿ. ಕಾಡಿಗೆ ಹೊರಟ ಗಂಡ, ತಾನಿಲ್ಲದಾಗ ಶೀಲ ಕೆಡುವುದಿಲ್ಲವೆಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಆಕೆ ಒಪ್ಪುವುದಿಲ್ಲ. ತಪ್ಪು ಮಾಡದವಳು ಆಣೆ ಏಕೆ ಇಡಬೇಕು? ಅವನು ಹಿಂಸಿಸಿ ಹೋಗುತ್ತಾನೆ. ಆಗ ಜಂಗಮನ ವೇಷದಲ್ಲಿ ಬಂದ ಮಾದೇಶ್ವರ ಅವಳ ಕಷ್ಟ ಕಳೆದು ಮಕ್ಕಳ ಫಲ ಕೊಡುತ್ತಾನೆ. ಅವರೇ ಕಾರಯ್ಯ, ಬಿಲ್ಲಯ್ಯ. ಗಂಡನ ಸಂಶಯದ ಎದುರು ಹೆಣ್ಣೊಬ್ಬಳು ‘ಇಲ್ಲ’ ಎಂದದ್ದನ್ನು ಓದು ಬಾರದ ಗಾಯಕರು ತಲೆತಲಾಂತರ ಹಾಡುತ್ತಾ ಬಂದರಲ್ಲ, ಅದು ಸಣ್ಣ ಸಂಗತಿಯಲ್ಲ.

1996ರಲ್ಲಿ ಟಿ.ಎಸ್. ನಾಗಾಭರಣರ ‘ಜನುಮದ ಜೋಡಿ’ ಚಿತ್ರಕ್ಕೆ ವಿ. ಮನೋಹರ್ ಇದನ್ನು ತಂದರು. ಎಲ್.ಎನ್. ಶಾಸ್ತ್ರಿಯವರ ಕಂಠದಲ್ಲಿ ಇಡೀ ನಾಡು ಕೇಳಿತು. ಆಮೇಲೆ 2020ರ ಗಣೇಶನ ಹಬ್ಬಕ್ಕೆ ಗಾಯಕ ಚಂದನ್ ಶೆಟ್ಟಿ ಅದೇ ಹಾಡನ್ನು ಹೊಸ ತಾಳಕ್ಕೆ ಕೂಡಿಸಿ ವೀಡಿಯೋ ಬಿಡುಗಡೆ ಮಾಡಿದರು. ಸಂಕಮ್ಮನನ್ನು ಅಶ್ಲೀಲವಾಗಿ ತೋರಿಸಲಾಗಿದೆ ಎಂದು ಮಾದಪ್ಪನ ಭಕ್ತರು ಸಿಡಿದೆದ್ದರು. ಶೆಟ್ಟರು ಕ್ಷಮೆ ಕೇಳಿದರು.

ಹೊಸ ತಾಳವೇ ತಪ್ಪೆಂದು ನಾನು ಹೇಳಲಾರೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್, ಶಿಶುನಾಳ ಷರೀಫರ ತತ್ವಪದಗಳನ್ನು ಗಿಟಾರಿಗೆ ಒಗ್ಗಿಸಿದ್ದಾರೆ. 2013ರ ‘ಜಗ್ ಚಂಗಾ’ದಲ್ಲಿ ‘ಕೋಡಗನ ಕೋಳಿ ನುಂಗಿತ್ತ’, ‘ಲೋಕದ ಕಾಳಜಿ’ ಎರಡೂ ಇವೆ. ಅದಕ್ಕೂ ಮೊದಲು, 1990ರಲ್ಲಿ, ಇದೇ ನಾಗಾಭರಣರ ಚಿತ್ರದಲ್ಲಿ ಸಿ. ಅಶ್ವತ್ಥ್ ಷರೀಫರಿಗೆ ದನಿ ಕೊಟ್ಟಿದ್ದರು. ಮುಸ್ಲಿಂ ಮನೆಯ ಷರೀಫರು, ಬ್ರಾಹ್ಮಣ ಗುರು ಗೋವಿಂದಭಟ್ಟರು, ಕೇಳುವವರು ಎಲ್ಲ ಜಾತಿಯವರು. ಅಲ್ಲಿ ವಾದ್ಯ ಬದಲಾದರೂ ಮಾತಿನ ಒಳಗಿನ ಮಾತು ಉಳಿದಿದೆ. 2021ರ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ, ಮಂಗಳೂರಿನ ರಕ್ತಪಾತದ ಕಥೆಯ ನಡುವೆ, ಮಾದಪ್ಪನ ‘ಸೋಜುಗಾದ ಸೂಜುಮಲ್ಲಿಗೆ’ಯನ್ನು ಚೈತ್ರಾ ಆಚಾರ್ ಹಾಡಿದರು.

ಒಂದು ಅನುಮಾನ ಮಾತ್ರ ನನ್ನಲ್ಲಿ ಉಳಿದಿದೆ. 2020ರ ಗದ್ದಲದಲ್ಲಿ ಎಲ್ಲರೂ ಮಾತಾಡಿದ್ದು ಸಂಕಮ್ಮನ ಉಡುಪಿನ ಬಗ್ಗೆ. ಆಕೆ ಕೊಡದೇ ಹೋದ ಬಲಗೈ ಭಾಷೆಯ ಬಗ್ಗೆ ಆ ಗದ್ದಲದಲ್ಲಿ ಒಬ್ಬರೂ ಬಾಯಿಬಿಟ್ಟದ್ದನ್ನು ನಾನು ಕೇಳಲಿಲ್ಲ.