ಕೆಟ್ಟ ಅರ್ಧದ ಪಕ್ಕದಲ್ಲಿ ಒಳ್ಳೆಯ ಅರ್ಧ

ಅನಗೋಳದಿಂದ ಖಾನಾಪುರದ ಕಾಡಂಚಿನವರೆಗೆ, ಮಗುವಿಗೆ ಫಿಟ್ಸ್ ಬಂದರೆ ಈಗಲೂ ಎಷ್ಟೋ ಮನೆಗಳಲ್ಲಿ ಮೊದಲು ಹುಡುಕುವುದು ಕಬ್ಬಿಣದ ಕೀಲಿಕೈ, ಆಮೇಲೆ ಉಳ್ಳಾಗಡ್ಡಿ. ಫಿಟ್ಸ್ ಸಾಮಾನ್ಯವಾಗಿ ಎರಡು-ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಹೆಸರು ಮಾತ್ರ ಕೀಲಿಕೈಗೆ ಬರುತ್ತದೆ.

ಕೆಲವು ಮಕ್ಕಳ ಕಥೆ ಬೇರೆ. ದಿನಕ್ಕೆ ಹತ್ತು, ಇಪ್ಪತ್ತು ಸಲ ಫಿಟ್ಸ್ ಬರುತ್ತದೆ, ಹೆಚ್ಚಾಗಿ ದೇಹದ ಒಂದೇ ಪಕ್ಕಕ್ಕೆ. ಇಂಥವರಲ್ಲಿ ಕೆಲವರ ಮಿದುಳಿನ ಎರಡು ಹೋಳುಗಳ ಪೈಕಿ ಒಂದು, ತಾಯಿಯ ಹೊಟ್ಟೆಯಲ್ಲೇ ತಪ್ಪಾಗಿ ಬೆಳೆದಿರುತ್ತದೆ. ವಿಚಿತ್ರವೆಂದರೆ ಒಂದು ಬಗೆಯ ದೋಷದಲ್ಲಿ ಕೆಟ್ಟ ಹೋಳೇ ದೊಡ್ಡದಾಗಿರುತ್ತದೆ. ವೈದ್ಯರು ಅದಕ್ಕೆ ಹೆಮಿಮೆಗಾಲೆನ್ಸೆಫಲಿ ಅನ್ನುತ್ತಾರೆ. ಇನ್ನು ಕೆಲವರಿಗೆ ಹುಟ್ಟುವ ಹೊತ್ತಿಗೆ ಒಂದು ಪಕ್ಕದ ರಕ್ತನಾಳ ಕಟ್ಟಿ, ಆ ಹೋಳು ಸೊರಗಿರುತ್ತದೆ. ಎಡ ಮಿದುಳು ಬಲಗೈಯನ್ನು ಆಳುತ್ತದೆ, ಬಲ ಮಿದುಳು ಎಡಗೈಯನ್ನು. ಹಾಗಾಗಿ ಎದುರು ಪಕ್ಕದ ಕೈಕಾಲು ಸೋತಿರುತ್ತದೆ.

ಹಾಗಾದರೆ ಇನ್ನೊಂದು ಹೋಳು ಚೆನ್ನಾಗಿಯೇ ಇದೆಯಲ್ಲ, ಮಗು ಅದರಿಂದಲೇ ಬದುಕಬಹುದಲ್ಲ? ವೈದ್ಯರು ಈ ಪ್ರಶ್ನೆಗೆ ಉತ್ತರ ಕಂಡುಕೊಂಡದ್ದು ಕತ್ತಿ ಹಿಡಿದ ಮೇಲೆಯೇ.

ಅಮೆರಿಕದ ವಾಲ್ಟರ್ ಡ್ಯಾಂಡಿ 1928ರಲ್ಲಿ ಅರ್ಧ ಮಿದುಳು ತೆಗೆದದ್ದನ್ನು ವರದಿ ಮಾಡಿದರು, ಆದರೆ ಅದು ಗಡ್ಡೆಗಾಗಿ. ಫಿಟ್ಸ್ ನಿಲ್ಲಿಸಲು 1938ರಲ್ಲಿ ಕೆನಡಾದ ಟೊರಾಂಟೊದ ಮೆಕೆಂಜಿ ಆ ದಾರಿ ಹಿಡಿದರು. ಎಲ್ಲರ ಕಣ್ಣು ತೆರೆಸಿದ್ದು ಮಾತ್ರ ದಕ್ಷಿಣ ಆಫ್ರಿಕಾದ ಕ್ರೈನಾವ್. ಒಂದು ಪಕ್ಕ ಸೋತಿದ್ದ 12 ಮಂದಿಗೆ ಅರ್ಧ ಮಿದುಳು ತೆಗೆದ ವಿವರವನ್ನು ಅವರು 1950ರಲ್ಲಿ ಪ್ರಕಟಿಸಿದರು. ಒಬ್ಬರು ತೀರಿಕೊಂಡರು. ಉಳಿದವರಲ್ಲಿ ಫಿಟ್ಸ್ ತಗ್ಗಿದ್ದಷ್ಟೇ ಅಲ್ಲ, ನಡತೆಯೂ ಸುಧಾರಿಸಿತ್ತು. ಅರ್ಧ ತೆಗೆದ ಮೇಲೆ ಮಗು ಮೊದಲಿಗಿಂತ ಚುರುಕಾಗುವುದು ಹೇಗೆ?

ಅನಗೋಳ, ಯಳ್ಳೂರು ಕಡೆಯ ಭತ್ತದ ಗದ್ದೆ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಮೇಲಿನ ಗದ್ದೆಯ ಒಡ್ಡು ಪದೇ ಪದೇ ಒಡೆದರೆ ಕೆಳಗಿನ ಗದ್ದೆಯ ಸಸಿ ಎಷ್ಟು ಒಳ್ಳೆಯದಿದ್ದರೂ ಬೇರು ಬಿಡುವುದಿಲ್ಲ. ಎರಡು ಹೋಳುಗಳ ನಡುವೆ ನರಗಳ ದಪ್ಪ ಸೇತುವೆಯಿದೆ. ಕೆಟ್ಟ ಪಕ್ಕದ ವಿದ್ಯುತ್ ಅಬ್ಬರ ಅದರ ಮೇಲೆ ದಾಟಿ ಬಂದು, ಮಾತು, ನಡೆ, ನೆನಪು ಕಲಿಯಬೇಕಾದ ಒಳ್ಳೆಯ ಹೋಳನ್ನು ಕಲಿಯಲು ಬಿಡುವುದಿಲ್ಲ. ಒಳ್ಳೆಯ ಹೋಳು ಸತ್ತಿರಲಿಲ್ಲ, ಅದಕ್ಕೆ ಬಿಡುವು ಸಿಕ್ಕಿರಲಿಲ್ಲ.

ನಮ್ಮ ದೇಶದಲ್ಲಿ ಫಿಟ್ಸ್‌ಗಾಗಿ ಮಿದುಳಿನ ಮೊದಲ ಶಸ್ತ್ರಚಿಕಿತ್ಸೆ ನಡೆದದ್ದು 1952ರ ಆಗಸ್ಟ್‌ನಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಮಾಡಿದವರು ಜೇಕಬ್ ಚಾಂಡಿ, ಕೆನಡಾದ ಮಾಂಟ್ರಿಯಲ್‌ನಲ್ಲಿ ಪೆನ್‌ಫೀಲ್ಡ್ ಅವರ ಬಳಿ ಕಲಿತು ಬಂದವರು. ರೋಗಿ 19ರ ಹುಡುಗ, ಎಳವೆಯಲ್ಲೇ ಬಲಪಕ್ಕ ಸೋತವನು. ಆಗ ಬೆಳಗಾವಿ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ದೊಡ್ಡ ಕಾಯಿಲೆಯೆಂದರೆ ನಮ್ಮವರು ಹತ್ತುತ್ತಿದ್ದದ್ದು ಮಿರಜದ ರೈಲು, ಅಲ್ಲಿನ ಮಿಷನ್ ಆಸ್ಪತ್ರೆಗೆ. ವೆಲ್ಲೂರು ಯಾರ ಲೆಕ್ಕದಲ್ಲೂ ಇರಲಿಲ್ಲ.

ಈ ವಿದ್ಯೆ ನೇರವಾಗಿ ಮುಂದೆ ಹೋಗಲಿಲ್ಲ. ಅರ್ಧ ಮಿದುಳು ತೆಗೆದ ಖಾಲಿ ಜಾಗದಲ್ಲಿ ವರ್ಷಗಳಾದ ಮೇಲೆ ರಕ್ತ ಜಿನುಗಿ ಕೆಲವರು ಸತ್ತದ್ದು 1960ರ ದಶಕದಲ್ಲಿ ತಿಳಿದು, ವೈದ್ಯರು ಹಿಂಜರಿದರು. ಆಮೇಲೆ ಮಾಂಟ್ರಿಯಲ್‌ನ ರಾಸ್ಮುಸೆನ್ ಉಪಾಯ ಕಂಡುಕೊಂಡರು: ಕೆಟ್ಟ ಹೋಳಿನ ಬಹುಭಾಗವನ್ನು ತೆಗೆಯದೆ ಸಂಪರ್ಕ ಮಾತ್ರ ಕತ್ತರಿಸುವುದು. ಈಗ ನಡೆಯುವುದು ಹೆಚ್ಚಾಗಿ ಈ ಬಗೆಯದೇ.

ಆದರೆ ‘ಒಳ್ಳೆಯ ಹೋಳು’ ಎಂಬ ಮಾತನ್ನೂ ಪೂರ್ತಿ ನಂಬುವಂತಿಲ್ಲ. ಹೆಮಿಮೆಗಾಲೆನ್ಸೆಫಲಿ ಇರುವ ಮಕ್ಕಳಲ್ಲಿ ಇನ್ನೊಂದು ಹೋಳು ಸಾಮಾನ್ಯಕ್ಕಿಂತ ಚಿಕ್ಕದಾಗಿರುತ್ತದೆ ಎಂದು 2006ರಲ್ಲಿ ಲಾಸ್ ಏಂಜಲೀಸ್‌ನ ತಂಡ ತೋರಿಸಿತು. ಅದಕ್ಕೇ ಪಾರ್ಶ್ವವಾಯುವಿನಿಂದ ಒಂದು ಹೋಳು ಸೊರಗಿದ ಮಗುವಿನಷ್ಟು ಚೇತರಿಕೆ ಇವರಲ್ಲಿ ಕಾಣುವುದು ಕಷ್ಟ. ಆಪರೇಷನ್ ಆದ ಮಕ್ಕಳು ಹೆಚ್ಚಾಗಿ ನಡೆಯುತ್ತಾರೆ. ಸೋತ ಕೈಯ ಬೆರಳು ಸೂಕ್ಷ್ಮ ಕೆಲಸ ಮಾಡುವುದಿಲ್ಲ, ನೋಟದ ಅರ್ಧ ಭಾಗ ಕಾಣಿಸುವುದಿಲ್ಲ. ಇದನ್ನು ಮೊದಲೇ ಹೇಳದೆ ‘ಎಲ್ಲ ಸರಿಹೋಗುತ್ತದೆ’ ಅನ್ನುವವರನ್ನು ನಾನು ನಂಬುವುದಿಲ್ಲ. ಮಾತು ಮಾತ್ರ ಅಚ್ಚರಿ: ಎಡ ಹೋಳು ಬಾಲ್ಯದಲ್ಲೇ ಕೆಟ್ಟಿದ್ದರೆ ಬಲ ಹೋಳು ಮಾತಿನ ಕೆಲಸ ವಹಿಸಿಕೊಳ್ಳಬಲ್ಲದು. ವಯಸ್ಸು ಏರಿದಂತೆ ಆ ಶಕ್ತಿ ಕುಗ್ಗುತ್ತದೆ.

ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಲಕ್ಷ ಮೀರಿದ ಜನರ ನಡುವೆ ನಿಮ್ಹಾನ್ಸ್ ಮಾಡಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮೂರ್ಛೆ ರೋಗ ನಗರಕ್ಕಿಂತ ಹಳ್ಳಿಯಲ್ಲಿ ಎರಡರಷ್ಟಿತ್ತು. ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ. ಎಸ್. ಮಣಿ ಅವರ ತಂಡ, ಅಗ್ಗದ ಫಿನೋಬಾರ್ಬಿಟೋನ್, ಫೆನಿಟಾಯಿನ್ ಗುಳಿಗೆಗಳಿಂದಲೇ ಬಹಳ ಜನರ ಫಿಟ್ಸ್ ಹತೋಟಿಗೆ ಬರುತ್ತದೆ ಎಂದು ತೋರಿಸಿತು. ಗುಳಿಗೆ ನಾಟದೆ ಉಳಿಯುವವರಲ್ಲೇ ನಾವು ಹೇಳುತ್ತಿರುವ ಮಕ್ಕಳೂ ಇರುತ್ತಾರೆ. ಸರಿಯಾಗಿ ಆರಿಸಿದ ಎರಡು ಔಷಧ ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ಫಿಟ್ಸ್ ನಿಲ್ಲದಿದ್ದರೆ ಮೂರನೆಯದಕ್ಕಾಗಿ ವರ್ಷಗಟ್ಟಲೆ ಕಾಯದೆ, ಎಮ್‌ಆರ್‌ಐ ಮಾಡಿಸಿ ನಿಮ್ಹಾನ್ಸ್‌ನಂಥ ಕಡೆ ತೋರಿಸಬೇಕೆಂಬುದು ಈಗಿನ ವೈದ್ಯರ ಮಾತು.

ಅಷ್ಟರವರೆಗೂ ಕಾಯಬೇಕಾಗಿಲ್ಲ. ವರ್ಷ ತುಂಬದ ಕೂಸು ಆಟಿಗೆಗೆ ಯಾವಾಗಲೂ ಒಂದೇ ಕೈ ಚಾಚಿ, ಇನ್ನೊಂದನ್ನು ಮುಷ್ಟಿ ಕಟ್ಟಿಯೇ ಇಟ್ಟರೆ, ಮನೆಯವರು ‘ಎಡಚ ಆಗ್ತಾನ ನೋಡು’ ಎಂದು ನಗುತ್ತಾರೆ. ಆ ವಯಸ್ಸಿಗೆ ಮಕ್ಕಳು ಎರಡೂ ಕೈ ಬಳಸುತ್ತವೆ. ಅದನ್ನು ಆಶಾ ಕಾರ್ಯಕರ್ತೆಗೆ ಹೇಳಿ.