ಪಾರ್ಕಿಗೆ ಬೀಗ ಹಾಕೋದು ಸುಲಭ, ತೆಗೆಯೋಕೆ ಲೆಕ್ಕ ಬೇಕು

ಕೋವಿಡ್ ಕಾಲದ ಮಾತು ಬಂದಾಗ ನಾವು ಆಸ್ಪತ್ರೆ, ಆಕ್ಸಿಜನ್, ಊರಿಗೆ ನಡೆದು ಹೊರಟ ಕಾರ್ಮಿಕರ ಬಗ್ಗೆ ಮಾತಾಡುತ್ತೇವೆ. ಮಾತಾಡಲೇಬೇಕು. ಆದರೆ ಪಾರ್ಕು, ಮೈದಾನ, ಈಜುಕೊಳದ ವಿಷಯ ತೆಗೆದರೆ ‘ಅದೂ ಒಂದು ಸಮಸ್ಯೆನಾ?’ ಅನ್ನುವವರೇ ಹೆಚ್ಚು. ನನ್ನ ಮಟ್ಟಿಗೆ ಅದು ಸಮಸ್ಯೆಯೇ. ಟೆರೇಸು, ಕ್ಲಬ್‌ಹೌಸ್ ಇರುವವರು ಪಾರ್ಕು ಮುಚ್ಚಿದರೂ ಕಾಲಾಡಿಸಬಹುದು. ವಠಾರದ ಒಂದೇ ಕೋಣೆಯಲ್ಲಿ ಐದು ಜನ ಬದುಕುವ ಮನೆಗೆ ಗಾಳಿ, ಬೆಳಕು, ಮಕ್ಕಳ ಆಟ ಎಲ್ಲವೂ ಆ ಗೇಟಿನ ಆಚೆಗೇ ಇರುತ್ತದೆ. ಸಾಂಕ್ರಾಮಿಕ ಇನ್ನೊಮ್ಮೆ ಬಂದರೆ ಯಾವುದನ್ನು, ಯಾವ ಕ್ರಮದಲ್ಲಿ, ಹೇಗೆ ತೆರೆಯಬೇಕು? ಎರಡು ಅಲೆಗಳು ಕಲಿಸಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಯಾವಾಗ ಏನು ತೆರೆಯಿತು?

2020ರ ಮಾರ್ಚ್ 25ರಿಂದ ದೇಶ ಬಂದ್ ಆಯಿತು. ಮೇ ಮೂರನೇ ವಾರದಲ್ಲಿ ಕರ್ನಾಟಕ ಸರ್ಕಾರ ಪಾರ್ಕುಗಳನ್ನು ತೆರೆಯಿತು. ಆದರೆ ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7, ಅಷ್ಟೇ. ಜೂನ್ 8ರಿಂದ ಮಾಲ್, ಹೋಟೆಲ್, ದೇವಸ್ಥಾನಗಳಿಗೆ ಕೇಂದ್ರ ಅನುಮತಿ ಕೊಟ್ಟಿತು. ಆಗಸ್ಟ್ 5ರಿಂದ ಜಿಮ್ ಮತ್ತು ಯೋಗ ಕೇಂದ್ರಗಳು, ಅಕ್ಟೋಬರ್ 15ರಿಂದ ಅರ್ಧ ಸೀಟಿನ ಸಿನಿಮಾ ಮಂದಿರ ಮತ್ತು ಕ್ರೀಡಾಪಟುಗಳ ತರಬೇತಿಗಷ್ಟೇ ಈಜುಕೊಳ. ಎಲ್ಲರಿಗೂ ಈಜುಕೊಳ ತೆರೆಯಲು ಅನುಮತಿ ಸಿಕ್ಕಿದ್ದು 2021ರ ಫೆಬ್ರವರಿಯಲ್ಲಿ.

ಈ ಪಟ್ಟಿಯನ್ನು ಇನ್ನೊಂದು ಸಲ ಓದಿ. ಗಾಳಿ ಆಡದ, ಏಸಿ ಹಾಕಿದ ಮಾಲ್ ದಿನವಿಡೀ ತೆರೆಯಬಹುದು ಎಂದು ಕೇಂದ್ರ ಹೇಳುವ ಹೊತ್ತಿಗೆ, ಬಯಲಲ್ಲಿರುವ ಪಾರ್ಕಿಗೆ ನಾಲ್ಕು ಗಂಟೆಯ ನಿಯಮ ಬಂದು ಹೋಗಿತ್ತು. ತೆರೆಯುವ ಕ್ರಮ ನಿರ್ಧರಿಸಿದ್ದು ವೈರಸ್ ಹರಡುವ ರೀತಿಯೋ ಅಥವಾ ವ್ಯಾಪಾರದ ಒತ್ತಡವೋ?

ಎರಡನೇ ಅಲೆಯ ಶುರುವಿನಲ್ಲಿ ಇದಕ್ಕೆ ಉತ್ತರ ಸಿಕ್ಕಿತು. 2021ರ ಏಪ್ರಿಲ್ 2ರಂದು ರಾಜ್ಯ ಸರ್ಕಾರ ಜಿಮ್ ಮತ್ತು ಈಜುಕೊಳ ಮುಚ್ಚಿಸಿ, ಥಿಯೇಟರಿಗೆ ಅರ್ಧ ಸೀಟಿನ ಮಿತಿ ಹಾಕಿತು. ಚಿತ್ರರಂಗ ವಿರೋಧಿಸಿತು, ಥಿಯೇಟರುಗಳಿಗೆ ಏಪ್ರಿಲ್ 7ರವರೆಗೆ ವಿನಾಯಿತಿ ಸಿಕ್ಕಿತು. ಜಿಮ್ ಮಾಲೀಕರು ಕೇಳಿಕೊಂಡರು, ಅರ್ಧ ಸಾಮರ್ಥ್ಯದಲ್ಲಿ ತೆರೆಯಲು ಒಪ್ಪಿಗೆ ಬಂತು. ಅವರದ್ದು ಹೊಟ್ಟೆಪಾಡು, ಕೇಳಿದ್ದು ತಪ್ಪಲ್ಲ. ಆದರೆ ಸ್ಲಮ್ಮಿನ ಪಕ್ಕದ ಮೈದಾನದಲ್ಲಿ ಆಡುವ ಮಕ್ಕಳ ಪರವಾಗಿ ವಿಧಾನಸೌಧಕ್ಕೆ ಹೋಗಿ ಕೇಳುವವರು ಯಾರು?

ಗಾಳಿಯ ವಿಷಯ

ಮೊದಲ ವರ್ಷ ನಮ್ಮ ಗಮನವೆಲ್ಲ ಮೇಲ್ಮೈ ಮೇಲಿತ್ತು. ಬೆಂಚಿಗೆ ಔಷಧಿ ಸಿಂಪಡಿಸಿದೆವು, ಉಯ್ಯಾಲೆ ಕಟ್ಟಿ ಹಾಕಿದೆವು, ಗೇಟಿನಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿದೆವು. ವೈರಸ್ ಗಾಳಿಯಲ್ಲಿ ಹರಡುತ್ತದೆ ಎಂದು 2020ರ ಜುಲೈನಲ್ಲೇ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆದಿದ್ದರು. ಭಾರತ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ‘ಕಿಟಕಿ ತೆರೆಯಿರಿ, ಗಾಳಿ ಆಡಲಿ’ ಅನ್ನುವ ಅರ್ಥದ ಸಲಹಾಪತ್ರ ಹೊರಡಿಸಿದ್ದು 2021ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಎರಡನೇ ಅಲೆ ಸಾವಿರಾರು ಜನರನ್ನು ತೆಗೆದುಕೊಂಡು ಹೋಗಿತ್ತು.

ಆ ಹೊತ್ತಿಗೆ ಪ್ರಕಟವಾದ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಒಂದು ಸಮೀಕ್ಷೆಯ ಪ್ರಕಾರ, ವರದಿಯಾದ ಸೋಂಕುಗಳಲ್ಲಿ ಬಯಲಿನಲ್ಲಿ ತಗುಲಿದ್ದು ಶೇ 10ಕ್ಕಿಂತ ಕಡಿಮೆ. ಬಯಲು ಅಂದರೆ ಅಪಾಯವೇ ಇಲ್ಲ ಅಂತಲ್ಲ. ಆದರೆ ಬಯಲಿಗೂ ಮುಚ್ಚಿದ ಕೋಣೆಗೂ ಒಂದೇ ನಿಯಮ ಹಾಕುವುದು ಸರಿಯಲ್ಲ.

ಕೋಣೆಯೊಳಗೂ ಎಲ್ಲ ಚಟುವಟಿಕೆ ಒಂದೇ ಅಲ್ಲ. ದಕ್ಷಿಣ ಕೊರಿಯಾದ ಚಿಯೋನಾನ್‌ನಲ್ಲಿ 2020ರ ಫೆಬ್ರವರಿಯಲ್ಲಿ ನೃತ್ಯ-ವ್ಯಾಯಾಮದ ತರಗತಿಗಳಿಂದ ಶುರುವಾದ ಸೋಂಕು 112 ಜನರಿಗೆ ಹರಡಿತು. ಸೋಂಕು ತಗುಲಿದ್ದ ಒಬ್ಬ ತರಬೇತುದಾರರು ಏಳೆಂಟು ಜನರಿಗೆ ಯೋಗ ಮತ್ತು ಪಿಲಾಟೆಸ್ ಹೇಳಿಕೊಟ್ಟಿದ್ದರು. ಆ ಶಿಷ್ಯರಲ್ಲಿ ಯಾರಿಗೂ ಸೋಂಕು ಬರಲಿಲ್ಲ. ಜೋರಾಗಿ ಏದುಸಿರು ಬಿಡುವುದು, ಇಕ್ಕಟ್ಟು, ಮುಚ್ಚಿದ ಕಿಟಕಿ ಈ ಮೂರೂ ಸೇರಿದಾಗ ಅಪಾಯ ಏರುತ್ತದೆ. ಜಪಾನ್ ಇದನ್ನೇ ಸರಳವಾಗಿ ಜನರಿಗೆ ಹೇಳಿತು: ಮುಚ್ಚಿದ ಜಾಗ, ಜನಜಂಗುಳಿ, ಹತ್ತಿರದ ಮಾತುಕತೆ, ಈ ಮೂರನ್ನು ತಪ್ಪಿಸಿ.

ಒಂದೊಂದು ಜಾಗಕ್ಕೆ ಒಂದೊಂದು ನಿಯಮ

*ಪಾರ್ಕು, ಮೈದಾನ:* ಮೊದಲು ತೆರೆಯಬೇಕಾದವು ಇವೇ, ಅದೂ ಹೆಚ್ಚು ಹೊತ್ತು. ಲೆಕ್ಕ ಹಾಕಿ ನೋಡಿ. ದಿನಕ್ಕೆ 400 ಜನ ಬರುವ ಒಂದು ಪಾರ್ಕು, ಒಬ್ಬೊಬ್ಬರೂ ಒಂದು ಗಂಟೆ ಇರುತ್ತಾರೆ ಅಂದುಕೊಳ್ಳಿ. 12 ಗಂಟೆ ತೆರೆದರೆ ಸರಾಸರಿ ಒಂದು ಹೊತ್ತಿಗೆ 33 ಜನ. ಅದನ್ನೇ 4 ಗಂಟೆಗೆ ಇಳಿಸಿದರೆ 100 ಜನ. ಜನಜಂಗುಳಿ ತಪ್ಪಿಸಲು ಮಾಡಿದ ನಿಯಮವೇ ಜನಜಂಗುಳಿ ಸೃಷ್ಟಿಸುತ್ತದೆ. ಎಲ್ಲ ಗೇಟುಗಳನ್ನೂ ತೆರೆಯಬೇಕು, ನಡೆಯುವ ದಾರಿ ಒಂದೇ ದಿಕ್ಕಿನಲ್ಲಿರಬೇಕು, ಕೈತೊಳೆಯಲು ನೀರು ಮತ್ತು ಸೋಪು ಇರಬೇಕು.

*ಜಿಮ್, ಒಳಾಂಗಣ ಕ್ರೀಡಾಂಗಣ:* 2020ರ ಆಗಸ್ಟಿನ ಕೇಂದ್ರದ ಮಾರ್ಗಸೂಚಿ ಒಬ್ಬರಿಗೆ 4 ಚದರ ಮೀಟರ್ ಜಾಗ ಲೆಕ್ಕ ಹಾಕಿ ಅಂದಿತ್ತು. ಜಾಗದ ಜೊತೆಗೆ ಗಾಳಿಯನ್ನೂ ಅಳೆಯಬೇಕು. ಇಂಗಾಲದ ಡೈಆಕ್ಸೈಡ್ ಅಳೆಯುವ ಪುಟ್ಟ ಯಂತ್ರಗಳಿವೆ. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ ಇರುತ್ತದೆ. ಕೋಣೆಯಲ್ಲಿ 800 ದಾಟಿತು ಅಂದರೆ ಬೇರೆಯವರು ಬಿಟ್ಟ ಉಸಿರು ಹೆಚ್ಚಾಗುತ್ತಿದೆ ಅಂತ ಅರ್ಥ. ಆ ಅಂಕಿ ಬಾಗಿಲಲ್ಲೇ ಎಲ್ಲರಿಗೂ ಕಾಣುವಂತಿರಲಿ. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಏಸಿ ಇಲ್ಲದೆ, ಅರ್ಧ ಸಾಮರ್ಥ್ಯದಲ್ಲಿ ಜಿಮ್ ತೆರೆಯಲು ಬಿಟ್ಟಿದ್ದು ಸರಿಯಾದ ದಿಕ್ಕಿನ ಹೆಜ್ಜೆ.

*ಈಜುಕೊಳ:* ಎಲ್ಲಕ್ಕಿಂತ ಕೊನೆಗೆ ತೆರೆದದ್ದು ಇದು. ಆದರೆ ನೀರು ಅಂಥ ಅಪಾಯಕಾರಿ ಅಲ್ಲ. ಲೀಟರಿಗೆ 1.5 ಮಿಲಿಗ್ರಾಂ ಕ್ಲೋರಿನ್, ಪಿಎಚ್ 7ರಿಂದ 7.2 ಇರುವ ನೀರಿನಲ್ಲಿ ವೈರಸ್ಸಿನ ಸೋಂಕು ಶಕ್ತಿ 30 ಸೆಕೆಂಡಿನಲ್ಲಿ ಸಾವಿರ ಪಟ್ಟು ಕಡಿಮೆಯಾಯಿತು ಎಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 2021ರಲ್ಲಿ ತೋರಿಸಿದರು. ಕಾಳಜಿ ಇರಬೇಕಾದದ್ದು ಬಟ್ಟೆ ಬದಲಿಸುವ ಕೋಣೆ ಮತ್ತು ಕಟ್ಟೆಯ ಮೇಲಿನ ಗುಂಪಿನ ಬಗ್ಗೆ. ಬಯಲಿನ ಕೊಳಗಳನ್ನು ಬ್ಯಾಚ್ ಮಾಡಿ ಮೊದಲೇ ತೆರೆಯಬಹುದಿತ್ತು.

ಗೇಟಿನ ಒಳಗೆ ದುಡಿಯುವವರು

ಪಾರ್ಕು ತೆರೆಯಿತು ಅಂದರೆ ಯಾರೋ ಬೆಳಗಾಗುವ ಮುಂಚೆ ಬಂದು ಗುಡಿಸಿದ್ದಾರೆ ಅಂತ ಅರ್ಥ. ಮಾಲಿ, ಕಾವಲುಗಾರ, ಶೌಚಾಲಯ ತೊಳೆಯುವವರಲ್ಲಿ ಬಹಳಷ್ಟು ಜನ ಗುತ್ತಿಗೆಯವರು. ಜ್ವರ ಬಂದ ದಿನ ಸಂಬಳ ಕಟ್ ಆಗುತ್ತದೆ ಅಂದರೆ ಅವರು ಜ್ವರದಲ್ಲೇ ಕೆಲಸಕ್ಕೆ ಬರುತ್ತಾರೆ. ಹಾಗಾಗಿ ಸಂಬಳ ಸಹಿತ ರಜೆಯೂ ಸುರಕ್ಷತಾ ನಿಯಮದ ಒಂದು ಭಾಗ. ಅದಿಲ್ಲದೆ ಬರೀ ‘ಮಾಸ್ಕ್ ಹಾಕಿ’ ಬೋರ್ಡು ಸಾಕಾಗಲ್ಲ.

10 ವರ್ಷದೊಳಗಿನ ಮಕ್ಕಳು, 65 ದಾಟಿದವರು ಮನೆಯಲ್ಲೇ ಇರಿ ಎಂದು ಕೇಂದ್ರ ತಿಂಗಳುಗಟ್ಟಲೆ ಸಲಹೆ ಕೊಟ್ಟಿತು. ಪಾರ್ಕು ಹೆಚ್ಚು ಬೇಕಾದವರು ಇವರೇ. ‘ಬರಬೇಡಿ’ ಅನ್ನುವ ಬದಲು, ಜನ ಕಡಿಮೆ ಇರುವ ಹೊತ್ತನ್ನು ಹಿರಿಯರಿಗೂ ಮಕ್ಕಳಿಗೂ ಮೀಸಲಿಡಬಹುದಿತ್ತು.

ಈಗಲೇ ಏನು ಕೇಳಬೇಕು?

ಸೋಂಕು ಬಂದ ಮೇಲೆ ನಿಯಮ ಬರೆಯಲು ಕೂತರೆ, ಯಾರ ಧ್ವನಿ ದೊಡ್ಡದೋ ಅವರ ಬಾಗಿಲು ಮೊದಲು ತೆರೆಯುತ್ತದೆ. ರಾಜ್ಯದಲ್ಲಿ ಪಾರ್ಕು, ಆಟದ ಮೈದಾನಗಳನ್ನು ಉಳಿಸಲು 1985ರಿಂದಲೇ ಒಂದು ಕಾಯ್ದೆ ಇದೆ. ಜಾಗ ಉಳಿಸುವ ಆ ಮಾತಿನ ಜೊತೆಗೆ, ಬಿಕ್ಕಟ್ಟಿನಲ್ಲೂ ಆ ಜಾಗ ಜನರಿಗೆ ಸಿಗಬೇಕು ಅನ್ನುವ ಮಾತನ್ನೂ ನಾವು ಸೇರಿಸಬೇಕು.

ನನ್ನ ಬೇಡಿಕೆ ಮೂರು. ಒಂದು, ಯಾವ ಹಂತದ ಸೋಂಕಿಗೆ ಯಾವ ಜಾಗ ಮುಚ್ಚುತ್ತದೆ, ಯಾವಾಗ ತೆರೆಯುತ್ತದೆ ಅನ್ನುವುದನ್ನು ಮೊದಲೇ ಬರೆದು ಪ್ರಕಟಿಸಲಿ. ಎರಡು, ಮುಚ್ಚುವ ಪ್ರತಿ ಆದೇಶಕ್ಕೂ ಕಾರಣ ಮತ್ತು ಕೊನೆಯ ದಿನಾಂಕ ಇರಲಿ. ಮೂರು, ಸರ್ಕಾರಿ ಒಳಾಂಗಣ ಕ್ರೀಡಾಂಗಣ, ಗ್ರಂಥಾಲಯ, ರಂಗಮಂದಿರಗಳ ಗಾಳಿಯನ್ನು ಈಗಲೇ ಅಳೆದು, ಕಿಟಕಿ ತೆಗೆಯಲು ಬಾರದಿದ್ದರೆ ರಿಪೇರಿ ಮಾಡಿಸಲಿ.

ಇದಕ್ಕೆ ದೊಡ್ಡ ಬಜೆಟ್ ಏನೂ ಬೇಕಾಗಿಲ್ಲ. ನಿಮ್ಮ ವಾರ್ಡಿನ ಸಭೆ ನಡೆದಾಗ ರಸ್ತೆ ಗುಂಡಿಯ ಜೊತೆ ಈ ಮೂರನ್ನೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ.